ತಡವರಿಸದ ಚಿತ್ರವೇ ಮೊದಲ ನೈಜತೆ: ಯುದ್ಧವಿಮಾನ ಸಿಮ್ಯುಲೇಟರ್ ಹೊಂದಿಸುವ ಬಗೆ

ದಾವಣಗೆರೆಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಹಗಲೆಲ್ಲ ಬೇರೆಯವರ ಕ್ಯಾಬಿನೆಟ್ ಬಿಚ್ಚಿ ಧೂಳು ಹೊಡೆಯುವ ಕೆಲಸ. ರಾತ್ರಿ ಊಟವಾದ ಮೇಲೆ ಮಹಡಿಯ ಕೋಣೆಯಲ್ಲಿ ಡಿಸಿಎಸ್ ವರ್ಲ್ಡ್ ಎಂಬ ಸಿಮ್ಯುಲೇಟರ್ ತೆರೆದು ಎಫ್-16 ಯುದ್ಧವಿಮಾನ ಹಾರಿಸುತ್ತೇನೆ. ಈ ಹುಚ್ಚು ಊರಿಗೆಲ್ಲ ಗೊತ್ತಾಗಿರುವುದರಿಂದ ಹುಡುಗರು ತಮ್ಮ ಯಂತ್ರಗಳನ್ನು ನನ್ನ ಬಳಿಗೇ ಹೊತ್ತು ತರುತ್ತಾರೆ. ದೂರು ಹೆಚ್ಚುಕಡಿಮೆ ಒಂದೇ: "ಅಣ್ಣಾ, ದುಬಾರಿ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದೇನೆ. ಎಲ್ಲ ಸೆಟ್ಟಿಂಗ್ ಮೇಲಕ್ಕೆ ಏರಿಸಿದ್ದೇನೆ. ಆದರೂ ವಿಮಾನ ಹಾರಿಸಿದಂತೆ ಅನ್ನಿಸುತ್ತಿಲ್ಲ." ಮೂರನೆಯ ಮಾತಿಗೆ ಕಾರಣ ಎರಡನೆಯದರಲ್ಲೇ ಇರುತ್ತದೆ.

ಸಿಮ್ಯುಲೇಟರ್‌ನ ನೈಜತೆ ಇರುವುದು ಹೊಳೆಯುವ ನೀರಿನಲ್ಲಿ, ಮರದ ನೆರಳಿನಲ್ಲಿ ಎಂದು ಬಹಳ ಮಂದಿ ನಂಬಿದ್ದಾರೆ. ನನ್ನ ಲೆಕ್ಕ ಬೇರೆ. ಎದುರಾಳಿ 500 ಮೀಟರ್ ಮುಂದೆ ತಿರುಗುತ್ತಿದ್ದಾನೆ, ಗನ್ನಿನ ಗುರಿಯನ್ನು ಅವನ ಮೇಲೆ ಕೂರಿಸಲು ನೀವು ಸ್ಟಿಕ್ಕನ್ನು, ಅಂದರೆ ವಿಮಾನ ನಡೆಸುವ ಹಿಡಿಕೆಯನ್ನು, ಕೂದಲೆಳೆಯಷ್ಟು ಎಳೆಯುತ್ತಿದ್ದೀರಿ ಎಂದುಕೊಳ್ಳಿ. ಎಷ್ಟು ಎಳೆಯಬೇಕೆಂದು ಕೈಗೆ ಹೇಳುವುದು ಕಣ್ಣು. ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ, ಸಮನಾಗಿ ಬಂದರೆ ಒಂದೊಂದಕ್ಕೆ 16.7 ಮಿಲಿಸೆಕೆಂಡ್. ನಡುವೆ ಒಂದೇ ಒಂದು ಫ್ರೇಮ್ 50 ಮಿಲಿಸೆಕೆಂಡ್ ತೆಗೆದುಕೊಂಡರೂ ಮೂರು ಫ್ರೇಮಿನ ಹೊತ್ತು ಕಣ್ಣು ಕುರುಡು. ಕೈ ತಡವಾಗಿ ತಿದ್ದುತ್ತದೆ, ತಡವಾದದ್ದಕ್ಕೆ ಹೆಚ್ಚು ತಿದ್ದುತ್ತದೆ, ವಿಮಾನದ ಮೂಗು ಮೇಲೆ ಕೆಳಗೆ ಕುಣಿಯತೊಡಗುತ್ತದೆ. ಬೈಗುಳ ಮಾತ್ರ ವಿಮಾನದ ಹಾರಾಟವನ್ನು ಲೆಕ್ಕ ಹಾಕುವ ಫ್ಲೈಟ್ ಮಾಡೆಲ್‌ಗೆ ಬೀಳುತ್ತದೆ. ಆದ್ದರಿಂದ ಮೊದಲು ಫ್ರೇಮ್ ಸಮವಾಗಬೇಕು, ಆಮೇಲೆ ಸ್ಟಿಕ್, ಆಮೇಲೆ ನೋಟ. ಆಯ್ಕೆಗಳ ಪುಟದಲ್ಲಿರುವ ನೈಜತೆಯ ಗುಂಡಿಗಳು ಕೊನೆಗೆ.

ಯಾವ ಆಟ ಎಂಬ ಪ್ರಶ್ನೆಯನ್ನು ಬೇಗ ಮುಗಿಸೋಣ. ಡಿಸಿಎಸ್ ವರ್ಲ್ಡ್ ಉಚಿತವಾಗಿ ಸಿಗುತ್ತದೆ. ಅದರ ಜೊತೆಗೇ ಸುಖೋಯ್-25ಟಿ ಮತ್ತು ಟಿಎಫ್-51ಡಿ ಎಂಬ ಎರಡು ವಿಮಾನಗಳೂ ಕಾಕಸಸ್ ಮತ್ತು ಮರಿಯಾನಾ ನಕ್ಷೆಗಳೂ ಬರುತ್ತವೆ. ಕಲಿಯಲು ಇಷ್ಟು ಧಾರಾಳ ಸಾಕು. ಎರಡನೆಯ ಮಹಾಯುದ್ಧದ ವಿಮಾನಗಳು ಬೇಕು, ಯಂತ್ರ ಸಾಧಾರಣದ್ದು ಎನ್ನುವವರಿಗೆ ಐಎಲ್-2 ಗ್ರೇಟ್ ಬ್ಯಾಟಲ್ಸ್ ಹಗುರ. 1998ರಲ್ಲಿ ಮೈಕ್ರೋಪ್ರೋಸ್ ಹೊರತಂದ ಫಾಲ್ಕನ್ 4.0 ಆಟವನ್ನು ಅಭಿಮಾನಿಗಳೇ ವರ್ಷಗಟ್ಟಲೆ ತಿದ್ದಿ ಬೆಳೆಸಿದ್ದು ಫಾಲ್ಕನ್ ಬಿಎಂಎಸ್; ಮೂಲ ಆಟದ ಪ್ರತಿ ನಿಮ್ಮಲ್ಲಿರಬೇಕು. ಎಫ್-16 ಒಂದನ್ನೇ ಆಳವಾಗಿ ಕಲಿಯುವವನಿಗೆ ಅದರ ಕೊರಿಯಾ ಯುದ್ಧರಂಗ ಇಂದಿಗೂ ಸರಿಸಾಟಿಯಿಲ್ಲದ್ದು. ಕೆಳಗೆ ಹೇಳುವುದು ಹೆಚ್ಚಾಗಿ ಡಿಸಿಎಸ್ ಲೆಕ್ಕದಲ್ಲಿ, ಏಕೆಂದರೆ ಯಂತ್ರಕ್ಕೆ ಅತಿ ಹೆಚ್ಚು ಬೆವರಿಳಿಸುವುದು ಅದೇ.

ಆಟ ತೆರೆಯುವ ಮುಂಚೆ

ಬಣ್ಣದ ದೀಪ ಮಿನುಗುವ ಆರು ಫ್ಯಾನ್ ಇರುವ ಕ್ಯಾಬಿನೆಟ್ ಬಿಚ್ಚಿದರೆ ಒಳಗೆ 16 ಜಿಬಿಯ ಒಂದೇ ಒಂದು ರ‍್ಯಾಮ್ ಪಟ್ಟಿ ಇರುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ರ‍್ಯಾಮ್ ಯಾವಾಗಲೂ ಜೋಡಿಯಾಗಿ ಇರಬೇಕು, ಆಗಲೇ ಪ್ರೊಸೆಸರ್‌ಗೆ ಎರಡು ದಾರಿಯಲ್ಲಿ ದತ್ತಾಂಶ ಹರಿಯುವುದು. ನಾಲ್ಕು ಸ್ಲಾಟ್ ಇರುವ ಮದರ್‌ಬೋರ್ಡ್‌ನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದು ಸರಿಯಾದ ಜಾಗ. ಪಕ್ಕಪಕ್ಕದಲ್ಲಿ ಚುಚ್ಚಿದವರನ್ನು ವಾರಕ್ಕೊಬ್ಬರಂತೆ ನೋಡುತ್ತೇನೆ. ಡಿಸಿಎಸ್‌ಗೆ 32 ಜಿಬಿ ಇದ್ದರೆ ನೆಮ್ಮದಿ. 16ರಲ್ಲಿ ಕಾಕಸಸ್ ಓಡುತ್ತದೆ. ಸಿರಿಯಾ ನಕ್ಷೆಯಲ್ಲಿ ಆನ್‌ಲೈನ್ ಹೋದರೆ ಮುಗ್ಗರಿಸುತ್ತದೆ.

ಜೋಡಿ ಹಾಕಿದ ಮೇಲೂ ಒಂದು ಕೆಲಸ ಬಾಕಿ. ಪೆಟ್ಟಿಗೆಯ ಮೇಲೆ 3200 ಎಂದು ವೇಗ ಬರೆದಿದ್ದರೂ, ಯಂತ್ರ ಶುರುವಾಗುವಾಗ ತೆರೆಯುವ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಎಂಬ ಪೂರ್ಣವೇಗದ ಆಯ್ಕೆ ಚಾಲೂ ಮಾಡದಿದ್ದರೆ ರ‍್ಯಾಮ್ 2133ಕ್ಕೋ 2666ಕ್ಕೋ ತೆವಳುತ್ತಿರುತ್ತದೆ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ವೇಗ ಕಾಣುತ್ತದೆ, ಈಗಲೇ ನೋಡಿ. ಖರ್ಚಿಲ್ಲದೆ ಸಿಗುವ ಲಾಭಗಳಲ್ಲಿ ಇದೇ ದೊಡ್ಡದು, ಏಕೆಂದರೆ ಸಿಮ್ಯುಲೇಟರ್‌ಗಳು ಪ್ರೊಸೆಸರ್ ಮತ್ತು ಮೆಮೊರಿಯ ನಡುವಿನ ಓಡಾಟದಲ್ಲೇ ಹೆಚ್ಚು ಹೊತ್ತು ಕಳೆಯುತ್ತವೆ. ಎಎಂಡಿಯ ರೈಜನ್ 7 5800ಎಕ್ಸ್3ಡಿ ಪ್ರೊಸೆಸರ್ 2022ರಲ್ಲಿ ಬಂದಾಗ ಸಿಮ್ಯುಲೇಟರ್ ಆಡುವವರು ಅದಕ್ಕೆ ಮುಗಿಬಿದ್ದದ್ದೂ ಅದಕ್ಕೇ: ಅದರ ಮೇಲೆ ಹೆಚ್ಚುವರಿ ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ) ಮೆಮೊರಿ ಇದೆ, ರ‍್ಯಾಮ್‌ವರೆಗೆ ಓಡುವ ಕೆಲಸ ಕಡಿಮೆಯಾಗುತ್ತದೆ.

ಮಾನಿಟರ್ ಕೇಬಲ್ಲನ್ನು ಗ್ರಾಫಿಕ್ಸ್ ಕಾರ್ಡ್ ಬಿಟ್ಟು ಮದರ್‌ಬೋರ್ಡಿಗೆ ಚುಚ್ಚಿರುವವರು ನಗಬೇಡಿ, ಎದ್ದು ಹಿಂದೆ ಬಗ್ಗಿ ನೋಡಿ. 144 ಹರ್ಟ್ಸ್ ಮಾನಿಟರ್ ಕೊಂಡು ವಿಂಡೋಸ್‌ನಲ್ಲಿ 60ರಲ್ಲೇ ಬಿಟ್ಟವರೂ ನೋಡಿ. ಆಟವನ್ನು ಎಸ್‌ಎಸ್‌ಡಿಯಲ್ಲೇ ಇಡಬೇಕು. ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟರೆ ಹೊಸ ಊರಿನ ಮೇಲೆ ಹಾರಿದಾಗಲೆಲ್ಲ ಚಿತ್ರ ಕಚ್ಚಿಕೊಳ್ಳುತ್ತದೆ. ಪೇಜ್‌ಫೈಲ್ (ರ‍್ಯಾಮ್ ತುಂಬಿದಾಗ ಡಿಸ್ಕ್ ಮೇಲೆ ಬಳಸುವ ಜಾಗ) ತೆಗೆದುಹಾಕಿದರೆ ವೇಗ ಹೆಚ್ಚುತ್ತದೆ ಎಂಬ ಸಲಹೆ ಎಲ್ಲಿ ಹುಟ್ಟಿತೋ ತಿಳಿಯದು, ಅದನ್ನು ನಂಬಬೇಡಿ. ಡಿಸಿಎಸ್ ಫೋಲ್ಡರ್‌ಗಳನ್ನು ಆಂಟಿವೈರಸ್ ತಪಾಸಣೆಯಿಂದ ಹೊರಗಿಡಿ.

ಬಯಲುಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳ ಸೆಕೆ ಯಂತ್ರಕ್ಕೂ ಸೆಕೆಯೇ. ಆಟ ತೆರೆದ ಐದು ನಿಮಿಷ ಚೆನ್ನಾಗಿದ್ದು ಅರ್ಧ ಗಂಟೆಗೆ ಫ್ರೇಮ್ ಇಳಿಯತೊಡಗಿದರೆ ಸಾಫ್ಟ್‌ವೇರನ್ನು ಬೈಯುವ ಮೊದಲು ಪ್ರೊಸೆಸರ್‌ನ ಬಿಸಿ ನೋಡಿ. ಮಿತಿ ಮೀರಿದಾಗ ಅದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಧೂಳು ಹೊಡೆದು ಹೊಸ ಥರ್ಮಲ್ ಪೇಸ್ಟ್ ಹಚ್ಚಿದರೆ ಬಹಳಷ್ಟು ಯಂತ್ರಗಳು ಸುಧಾರಿಸುತ್ತವೆ. ಲ್ಯಾಪ್‌ಟಾಪ್ ಆದರೆ ಹಿಂಬದಿಯನ್ನು ಎರಡು ಬೆರಳಿನಷ್ಟು ಎತ್ತರಿಸಿ, ಚಾರ್ಜರ್ ಹಾಕಿಯೇ ಆಡಿ, ಬ್ಯಾಟರಿಯಲ್ಲಿ ಗ್ರಾಫಿಕ್ಸ್ ಕಾರ್ಡ್ ಅರ್ಧ ಜೀವದಲ್ಲಿ ಇರುತ್ತದೆ. ಇನ್ನು ಯುಪಿಎಸ್. ಕಚೇರಿಗಳಲ್ಲಿರುವ 600 ವಿಎ ಡಬ್ಬಿ ಸುಮಾರು 360 ವಾಟ್ ಹೊರುತ್ತದೆ, ಅಷ್ಟೇ. ಯುದ್ಧದ ನಡುವೆ ಕರೆಂಟ್ ಹೋದರೆ ಅದು ಕೀಂಯ್ ಎಂದು ಕೂಗಿ ಯಂತ್ರವನ್ನೂ ಆರಿಸುತ್ತದೆ.

ಹೊರೆ ಯಾರ ಮೇಲಿದೆ?

ಸೆಟ್ಟಿಂಗ್ ಮುಟ್ಟುವ ಮೊದಲು ಅಳೆಯಬೇಕು. ಡಿಸಿಎಸ್‌ನಲ್ಲಿ ಬಲಗಡೆಯ ಕಂಟ್ರೋಲ್ ಮತ್ತು ಪಾಸ್ (Pause) ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಫ್ರೇಮ್ ಎಣಿಕೆ ಬರುತ್ತದೆ. ಮತ್ತೆ ಒತ್ತಿದರೆ ವಿವರ ಹೆಚ್ಚುತ್ತದೆ, ತಡೆ ಪ್ರೊಸೆಸರ್‌ನದೋ ಗ್ರಾಫಿಕ್ಸ್ ಕಾರ್ಡ್‌ನದೋ ಎಂಬುದನ್ನೂ ಅದೇ ಹೇಳುತ್ತದೆ. ಬೇರೆ ಆಟಗಳಲ್ಲಿ ಹಳೆಯ ಉಪಾಯ ಸಾಕು. ರೆಸಲ್ಯೂಶನ್ನನ್ನು 1080ರಿಂದ 720ಕ್ಕೆ ಇಳಿಸಿ. ಫ್ರೇಮ್ ಏರಿದರೆ ಹೊರೆ ಕಾರ್ಡ್ ಮೇಲಿತ್ತು. ಕದಲದಿದ್ದರೆ ಪ್ರೊಸೆಸರ್ ಮೇಲೆ.

ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್ ಬಳಕೆ ಬರೀ ಶೇ. 20 ತೋರಿಸುತ್ತಿದೆ, ಹಾಗಾಗಿ ತಡೆ ಅದರದ್ದಲ್ಲ ಎಂದು ವಾದಿಸುವವರಿದ್ದಾರೆ. ಆ ಸಂಖ್ಯೆ ಪ್ರೊಸೆಸರ್ ಒಳಗಿನ ಎಲ್ಲ ಕೋರ್‌ಗಳ ಸರಾಸರಿ. ಹನ್ನೆರಡರಲ್ಲಿ ಒಂದೇ ಕೋರ್ ಉಸಿರುಗಟ್ಟಿ ದುಡಿಯುತ್ತಾ ಉಳಿದವು ಆಕಳಿಸುತ್ತಿದ್ದರೂ ಸರಾಸರಿ ಕಡಿಮೆಯೇ ಬರುತ್ತದೆ. 2023ರಿಂದ ಡಿಸಿಎಸ್ ಕೆಲಸವನ್ನು ಬೇರೆ ಬೇರೆ ಕೋರ್‌ಗಳಲ್ಲಿ ಒಟ್ಟಿಗೆ ನಡೆಯುವ ಹಲವು ಥ್ರೆಡ್‌ಗಳಿಗೆ ಹಂಚುತ್ತಿದೆ, ಸುಧಾರಣೆ ಕಣ್ಣಿಗೆ ಕಾಣುವಂಥದ್ದೇ. ಆದರೂ ಮುಖ್ಯ ಥ್ರೆಡ್ ಒಂದರ ಮೇಲಿನ ಭಾರ ಪೂರ್ತಿ ಇಳಿದಿಲ್ಲ.

ಅಳೆಯುವಾಗ ಹಾರಾಟ ಪ್ರತಿ ಸಲ ಒಂದೇ ಆಗಿರಬೇಕು. ಕಾಕಸಸ್ ನಕ್ಷೆಯ ಬಟೂಮಿ ಊರಿನ ಮೇಲೆ ಕೆಳಮಟ್ಟದಲ್ಲಿ ಮೂರು ನಿಮಿಷ ಹಾರಿ, ಆ ಹಾರಾಟದ ದಾಖಲೆಯಾದ ಟ್ರ್ಯಾಕ್ ಉಳಿಸಿಕೊಂಡು, ಸೆಟ್ಟಿಂಗ್ ಬದಲಿಸಿದಾಗಲೆಲ್ಲ ಅದನ್ನೇ ಮತ್ತೆ ಓಡಿಸಿ. ಡಿಸಿಎಸ್‌ನ ಟ್ರ್ಯಾಕ್ ವಿಡಿಯೋ ಅಲ್ಲ. ನಿಮ್ಮ ಕೈಚಲನೆಯನ್ನು ಇಟ್ಟುಕೊಂಡು ಆಟ ಎಲ್ಲವನ್ನೂ ಮತ್ತೆ ಲೆಕ್ಕ ಹಾಕುತ್ತದೆ, ಆದ್ದರಿಂದ ಹೊರೆ ನಿಜವಾದದ್ದೇ. ಉದ್ದದ ಟ್ರ್ಯಾಕ್‌ಗಳು ದಾರಿ ತಪ್ಪುತ್ತವೆ, ಚಿಕ್ಕದಾಗಿರಲಿ. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ. ಗ್ರಾಫಿಕ್ಸ್ ಡ್ರೈವರ್ ಹೊಸದಾದ ಮೇಲಿನ ಮೊದಲ ಓಟವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಆಗ ಬೆಳಕು-ನೆರಳು ಬಿಡಿಸುವ ಶೇಡರ್‌ಗಳು ಹೊಸದಾಗಿ ತಯಾರಾಗುತ್ತಿರುತ್ತವೆ, ಜರ್ಕ್ ಸಹಜ.

ಏನನ್ನು ಇಳಿಸಬೇಕು, ಏನನ್ನು ಬಿಡಬಾರದು

ನಿಮ್ಮ ಯಂತ್ರ ಅತಿ ಕಷ್ಟದ ಗಳಿಗೆಯಲ್ಲೂ ಹಿಡಿದಿಡಬಲ್ಲ ಫ್ರೇಮ್ ಎಷ್ಟೋ ಅಷ್ಟಕ್ಕೆ ಮಿತಿ ಹಾಕಿ. ಖಾಲಿ ಆಕಾಶದಲ್ಲಿ 110, ಊರಿನ ಮೇಲೆ 48 ಎಂದು ಜಿಗಿದಾಡುವುದಕ್ಕಿಂತ ಎಲ್ಲೆಡೆ 60 ಬರುವುದು ಮೇಲು. ಕಾರ್ಡ್‌ನ ಬಿಸಿಯೂ ಇಳಿಯುತ್ತದೆ. ಫ್ರೇಮ್ ಬಂದಂತೆ ತಾನೂ ಹೊಂದಿಕೊಳ್ಳುವ ಫ್ರೀಸಿಂಕ್ ಅಥವಾ ಜಿ-ಸಿಂಕ್ ಮಾನಿಟರ್ ಇದ್ದವರು ಅದರ ಗರಿಷ್ಠ ಹರ್ಟ್ಸ್‌ಗಿಂತ ಎರಡು ಮೂರು ಕಡಿಮೆ ಮಿತಿ ಇಟ್ಟುಕೊಳ್ಳಲಿ.

ಟೆಕ್ಸ್ಚರ್, ಅಂದರೆ ವಸ್ತುಗಳ ಮೇಲ್ಮೈ ಚಿತ್ರ, ಎಷ್ಟು ವಿವರವಾಗಿರಬೇಕೆಂಬ ಆಯ್ಕೆ ನಿಮ್ಮ ಕಾರ್ಡ್‌ನ ಮೆಮೊರಿಗೆ ತಕ್ಕಂತೆ. 8 ಜಿಬಿ ಕಾರ್ಡ್‌ನಲ್ಲಿ ಎಲ್ಲವನ್ನೂ ಹೈ ಇಟ್ಟರೆ ಮೆಮೊರಿ ತುಂಬಿ ಹೊರಚೆಲ್ಲುತ್ತದೆ. ಆಗ ಸರಾಸರಿ ಫ್ರೇಮ್ ಚೆನ್ನಾಗಿಯೇ ಕಾಣುತ್ತದೆ, ತಲೆ ತಿರುಗಿಸಿದಾಗ ಮಾತ್ರ ಚಿತ್ರ ಕಚ್ಚುತ್ತದೆ. ಕಾಕ್‌ಪಿಟ್ ಟೆಕ್ಸ್ಚರನ್ನು ಹೈ ಬಿಟ್ಟು ನೆಲದ ಟೆಕ್ಸ್ಚರನ್ನು ಲೋ ಮಾಡಿ. ನೀವು ಓದಬೇಕಾದದ್ದು ಕಾಕ್‌ಪಿಟ್ ಮೀಟರ್‌ಗಳ ಅಂಕಿಗಳನ್ನು, ಹೊಲದ ಬದುಗಳನ್ನಲ್ಲ.

ನೆಲದ ನೆರಳು ಫ್ಲಾಟ್ ಸಾಕು. ಹುಲ್ಲು, ಪೊದೆ, ರಸ್ತೆಯ ವಾಹನ ಸಂಚಾರ ಆಫ್. ಎಸ್‌ಎಸ್‌ಎಲ್‌ಆರ್ ಮತ್ತು ಎಸ್‌ಎಸ್‌ಎಒ (ಪ್ರತಿಬಿಂಬ, ಮೂಲೆಯ ನೆರಳು) ಆಫ್, ಮೂರು ದಿನದಲ್ಲಿ ಅವು ಇದ್ದದ್ದೇ ಮರೆಯುತ್ತದೆ. ಕನ್ನಡಿಗಳು ಮೋಸಗಾರರು: ಹಿಂದಿನ ದೃಶ್ಯವನ್ನು ಇನ್ನೊಮ್ಮೆ ಬಿಡಿಸಬೇಕಾಗುತ್ತದೆ. ಅಂಚೆಪೆಟ್ಟಿಗೆಯಷ್ಟು ಗಾಜಿಗೆ ಅಷ್ಟು ಬೆಲೆ ತೆರುವ ಅಗತ್ಯವಿಲ್ಲ, ಬೇಕಾದಾಗ ಎಂ ಕೀಲಿ ಒತ್ತಿ ತೆರೆಯಿರಿ. ಕಾಕ್‌ಪಿಟ್ ಪರದೆಗಳ ರೆಸಲ್ಯೂಶನ್ 1024 ಇರಲಿ, ಪ್ರತಿ ಫ್ರೇಮ್‌ಗೂ ಹೊಸದಾಗಿಸುವ ಆಯ್ಕೆ ಬೇಡ.

ಚಿತ್ರದ ಗರಗಸದಂಥ ಅಂಚು ನುಣುಪು ಮಾಡುವ ವಿಚಾರದಲ್ಲಿ ಜಗಳ ನಿಲ್ಲುವುದಿಲ್ಲ, ನನ್ನ ಪಕ್ಷ ಹೇಳುತ್ತೇನೆ. ಎಂಎಸ್‌ಎಎ ಸ್ಪಷ್ಟ, ಆದರೆ ಭಾರ. ಟಿಎಎ ಹಗುರ. 2023ರ ಕೊನೆಗೆ ಡಿಸಿಎಸ್‌ಗೆ ಬಂದ, ಕಡಿಮೆ ರೆಸಲ್ಯೂಶನ್ನಿನ ಚಿತ್ರವನ್ನು ಹಿಗ್ಗಿಸುವ ಡಿಎಲ್‌ಎಸ್‌ಎಸ್ ಫ್ರೇಮ್ ಎತ್ತುವುದರಲ್ಲಿ ನಿಸ್ಸೀಮ. ತೊಂದರೆ ಏನೆಂದರೆ ಅದು ಹಿಂದಿನ ಫ್ರೇಮ್‌ಗಳನ್ನು ನೋಡಿ ಊಹಿಸುತ್ತದೆ. ವೇಗವಾಗಿ ಬದಲಾಗುವ ಸಣ್ಣ ವಸ್ತು, ಅಂದರೆ ದೂರದ ವಿಮಾನದ ಚುಕ್ಕೆಯೋ ರೇಡಾರ್ ಪರದೆಯ ಅಂಕಿಯೋ, ಹಿಂದೆ ಬಾಲ ಬಿಡುತ್ತದೆ. ಯುದ್ಧದಲ್ಲಿ ನಮಗೆ ಬೇಕಾದದ್ದೇ ಆ ಚುಕ್ಕೆ ಮತ್ತು ಆ ಅಂಕಿ. ಆದ್ದರಿಂದ ನೆಲದ ಗುರಿ ಹೊಡೆಯುವ ದಿನ ಡಿಎಲ್‌ಎಸ್‌ಎಸ್, ವಿಮಾನಕ್ಕೆ ವಿಮಾನ ಎದುರಾಗುವ ದಿನ ಎರಡು ಪಟ್ಟಿನ ಎಂಎಸ್‌ಎಎ. ಕೃತಕವಾಗಿ ಫ್ರೇಮ್ ಹುಟ್ಟಿಸುವ ತಂತ್ರವನ್ನು ನಾನು ಮುಟ್ಟುವುದಿಲ್ಲ; ಎಣಿಕೆ ದುಪ್ಪಟ್ಟಾಗುತ್ತದೆ, ಸ್ಟಿಕ್‌ನಿಂದ ಚಿತ್ರಕ್ಕೆ ಹಿಡಿಯುವ ಹೊತ್ತು ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ.

ಪ್ರೊಸೆಸರ್ ಮೇಲೆ ಹೊರೆ ಇದ್ದವರಿಗೆ ಮೇಲಿನದರಲ್ಲಿ ಹೆಚ್ಚಿನದು ಉಪಯೋಗವಿಲ್ಲ. ಅವರು ವಿಸಿಬಿಲಿಟಿ ರೇಂಜ್ (ಎಷ್ಟು ದೂರದವರೆಗೆ ವಸ್ತುಗಳು ಕಾಣಬೇಕೆಂಬುದು) ಇಳಿಸಬೇಕು, ಮುಖ್ಯವಾಗಿ ಮಿಷನ್ ತೆಳುವಾಗಿಸಬೇಕು. ತಾವೇ ಮಿಷನ್ ಕಟ್ಟುವವರು ಉತ್ಸಾಹದಲ್ಲಿ ನೂರಾರು ಟ್ಯಾಂಕ್‌ಗಳನ್ನು ನೆಲಕ್ಕೆ ಸುರಿಯುತ್ತಾರೆ. ಪ್ರತಿಯೊಂದೂ ದಾರಿ ಹುಡುಕುತ್ತದೆ, ಶತ್ರುವನ್ನು ನೋಡಲು ಯತ್ನಿಸುತ್ತದೆ. ಊರಿನ ಓಣಿಗಳಲ್ಲಿ ಸಾಗುವ ವಾಹನಸಾಲು ಇನ್ನೂ ಕೆಟ್ಟದ್ದು. ಅಲಂಕಾರಕ್ಕೆ ಬೇಕಾದವನ್ನು ಅಲುಗದ ಸ್ಟ್ಯಾಟಿಕ್ ವಸ್ತುಗಳಾಗಿ ಇಡಿ, ಉಳಿದವು ನೀವು ಹತ್ತಿರ ಬಂದಾಗ ಜೀವ ತಳೆಯುವಂತೆ ಲೇಟ್ ಆಕ್ಟಿವೇಶನ್ ಕೊಡಿ.

ಸ್ಟಿಕ್

ಡಿಸಿಎಸ್‌ಗೆ ಹೊಸ ಸಾಧನ ಚುಚ್ಚಿದ ತಕ್ಷಣ ಅದು ತನ್ನಷ್ಟಕ್ಕೆ ಎಲ್ಲ ಅಕ್ಷಗಳನ್ನೂ (ಚಲನೆಯ ದಿಕ್ಕುಗಳನ್ನು) ಹಂಚಿಬಿಡುತ್ತದೆ. ಥ್ರಾಟಲ್‌ನಲ್ಲಿರುವ ಚಿಕ್ಕ ಚಕ್ರವೂ ಪೆಡಲ್‌ನ ಬ್ರೇಕೂ ಮೂಗನ್ನು ಎತ್ತಿಳಿಸುವ ಅಕ್ಷಕ್ಕೆ ಗಂಟು ಬಿದ್ದಿರುತ್ತವೆ. "ವಿಮಾನ ತಾನೇ ಮೂಗು ಬಗ್ಗಿಸುತ್ತದೆ" ಎಂದು ಬರುವ ಹತ್ತು ದೂರುಗಳಲ್ಲಿ ಹೆಚ್ಚಿನವು ಇವೇ. ಕಂಟ್ರೋಲ್ಸ್ ಪುಟದಲ್ಲಿ ಆಕ್ಸಿಸ್ ಪಟ್ಟಿ ತೆರೆದು, ಪ್ರತಿ ಸಾಧನದ ಕಾಲಮ್ಮನ್ನು ಖಾಲಿ ಮಾಡಿ, ನಿಮಗೆ ಬೇಕಾದವನ್ನು ನೀವೇ ತುಂಬಿ. ವಿಂಡೋಸ್‌ನಲ್ಲಿ ಯುಎಸ್‌ಬಿಗೆ ವಿದ್ಯುತ್ ಉಳಿಸುವ ಆಯ್ಕೆ ತೆಗೆದುಹಾಕಿ. ಹಾರುತ್ತಿರುವಾಗ ಸ್ಟಿಕ್ ನಿದ್ದೆ ಹೋದರೆ ಇಳಿಯುವ ದಾರಿಯಿಲ್ಲ.

ಕರ್ವ್ ಹಾಕುವುದು, ಅಂದರೆ ನಡುವಿನ ಭಾಗದಲ್ಲಿ ಸ್ಟಿಕ್‌ನ ಚುರುಕು ತಗ್ಗಿಸುವುದು, ಅಪ್ರಾಮಾಣಿಕತೆ ಎಂದು ವಾದಿಸುವವರು ಒಂದು ಅಳತೆಪಟ್ಟಿ ಹಿಡಿಯಲಿ. ಮೇಜಿನ ಮೇಲಿನ ಸ್ಟಿಕ್‌ನಲ್ಲಿ ತಿರುಗುವ ಬುಡದಿಂದ ಕೈ ಹಿಡಿಯುವ ಜಾಗಕ್ಕೆ 15 ಸೆಂಟಿಮೀಟರ್ ಇದೆ ಎನ್ನೋಣ. ಕೈ ಒಂದು ಸೆಂಟಿಮೀಟರ್ ಸರಿದರೆ ಸ್ಟಿಕ್ ಸುಮಾರು 3.8 ಡಿಗ್ರಿ ವಾಲುತ್ತದೆ. ಅದೇ ಕಾಲುಗಳ ನಡುವೆ ನಿಂತ 50 ಸೆಂಟಿಮೀಟರಿನ ಸ್ಟಿಕ್ ಆಗಿದ್ದರೆ 1.1 ಡಿಗ್ರಿ ಮಾತ್ರ. ಸ್ಪಿಟ್‌ಫೈರ್‌ನಂಥ ವಿಮಾನದ ಪೈಲಟ್‌ಗೆ ಸಿಕ್ಕ ನಯ ನಿಮಗೆ ಸಿಗಬೇಕಾದರೆ ನಡುವಿನ ಭಾಗವನ್ನು ಮಂದ ಮಾಡಲೇಬೇಕು. ಕರ್ವ್ ಹಳೆಯ ಕಾಲದ ವಿಮಾನಗಳಿಗೆ 20ರ ಆಸುಪಾಸು, ಎಫ್-16ಗೆ 10 ಸಾಕು. ಎಫ್-16ರ ನಿಜವಾದ ಸ್ಟಿಕ್ ಬಲಗೈ ಪಕ್ಕದಲ್ಲಿದ್ದು ಒತ್ತಡವನ್ನು ಅಳೆಯುವಂಥದ್ದು. ಮೊದಮೊದಲು ಅಲುಗುತ್ತಲೇ ಇರಲಿಲ್ಲ, ಆಮೇಲೆ ಪೈಲಟ್‌ಗಳ ಕೈಗೆ ತಿಳಿಯಲೆಂದು ತುಸು ಸಡಿಲ ಕೊಟ್ಟರು. ಅಲ್ಲಿ ನಿಮ್ಮ ಕೈ ರೆಕ್ಕೆಯ ಹಲಗೆಗಳನ್ನು ನೇರವಾಗಿ ಎಳೆಯುವುದಿಲ್ಲ, ಕಂಪ್ಯೂಟರ್‌ಗೆ ಕೋರಿಕೆ ಸಲ್ಲಿಸುತ್ತದೆ. ಥ್ರಾಟಲ್‌ಗೆ ಕರ್ವ್ ಬೇಡ.

ಡೆಡ್‌ಝೋನ್ (ಸ್ಟಿಕ್ ಅಲುಗಿದರೂ ಆಟ ಲೆಕ್ಕಿಸದ ನಡುವಿನ ಜಾಗ) ಮಾತ್ರ ಸ್ಟಿಕ್‌ನ ಆರೋಗ್ಯಕ್ಕೆ ತಕ್ಕಷ್ಟು. ಉಜ್ಜಿಕೊಂಡು ಅಳೆಯುವ ಪೊಟೆನ್ಶಿಯೋಮೀಟರ್ ಇರುವ ಅಗ್ಗದ ಸ್ಟಿಕ್‌ಗಳು ಸವೆದಂತೆ ನಡುವೆ ನಡುಗುತ್ತವೆ. ಥ್ರಸ್ಟ್‌ಮಾಸ್ಟರ್ ಟಿ.16000ಎಂನಂಥವುಗಳಲ್ಲಿ ಅಯಸ್ಕಾಂತದ ಹಾಲ್ ಸೆನ್ಸರ್ ಇರುವುದರಿಂದ ಸವೆತವಿಲ್ಲ. ದುಡ್ಡು ಎಲ್ಲಿ ಹಾಕಲಿ ಎಂದು ಕೇಳಿದರೆ ಹೊಸ ಗ್ರಾಫಿಕ್ಸ್ ಕಾರ್ಡ್‌ಗಿಂತ ಮೊದಲು ಒಳ್ಳೆಯ ಸ್ಟಿಕ್, ಅದರ ನಂತರ ಪೆಡಲ್ ಎನ್ನುತ್ತೇನೆ. ಸ್ಟಿಕ್ಕನ್ನು ಮೇಜಿಗೆ ಕ್ಲಾಂಪ್ ಹಾಕಿ ಬಿಗಿಯಿರಿ. ಜಾರುವ ಸ್ಟಿಕ್‌ಗೆ ಯಾವ ಕರ್ವೂ ಮದ್ದಲ್ಲ.

ನೋಟ

ಜೂಮ್ ಮಾಡುವುದು ಮೋಸ ಎಂಬ ಮಾತು ಕೇಳಿದಾಗಲೆಲ್ಲ ನಾನು ಕಾಗದ ತೆಗೆಯುತ್ತೇನೆ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯನ್ನು 60 ಭಾಗ ಮಾಡಿ ನೋಡಬಲ್ಲದು. 1920 ಪಿಕ್ಸೆಲ್ ಅಗಲದ ಪರದೆಯಲ್ಲಿ 80 ಡಿಗ್ರಿ ನೋಟ ತುಂಬಿದರೆ ಡಿಗ್ರಿಗೆ ಸರಾಸರಿ 24 ಪಿಕ್ಸೆಲ್. 10 ಮೀಟರ್ ರೆಕ್ಕೆಯಗಲದ ಫೈಟರ್ 5 ಕಿಲೋಮೀಟರ್ ದೂರದಲ್ಲಿ ಡಿಗ್ರಿಯ ಒಂಬತ್ತನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಜಾಗ ಹಿಡಿಯುತ್ತದೆ. ಪೈಲಟ್‌ನ ಕಣ್ಣಿಗೆ ಅದು ಸುಮಾರು ಏಳು ಭಾಗ, ಯಾವ ಕಡೆ ವಾಲಿದೆ ಎಂದು ತಿಳಿಯುವಷ್ಟು. ನಿಮ್ಮ ಪರದೆಯಲ್ಲಿ ಮೂರು ಪಿಕ್ಸೆಲ್ ಕೂಡ ಇಲ್ಲ. ನೋಟವನ್ನು 32 ಡಿಗ್ರಿಗೆ ಕಿರಿದಾಗಿಸಿದಾಗಲೇ ನೀವು ಆ ಪೈಲಟ್‌ಗೆ ಸಮ. ಆದ್ದರಿಂದ ಜೂಮನ್ನು ಥ್ರಾಟಲ್‌ನ ಚಕ್ರಕ್ಕೋ ಗುಂಡಿಗೋ ಕೊಟ್ಟು ನಾಚಿಕೆಯಿಲ್ಲದೆ ಬಳಸಿ.

ತಲೆಯ ಚಲನೆಯನ್ನು ಹಿಡಿಯಲು ಟ್ರ್ಯಾಕ್‌ಐಆರ್ ಎಂಬ ಸಾಧನ ಕೊಳ್ಳಲೇಬೇಕೆಂದಿಲ್ಲ. ಓಪನ್‌ಟ್ರ್ಯಾಕ್ ಎಂಬ ಉಚಿತ ಸಾಫ್ಟ್‌ವೇರ್ ಸಾಧಾರಣ ವೆಬ್‌ಕ್ಯಾಮ್‌ನಿಂದಲೇ ಮುಖ ಹಿಂಬಾಲಿಸುತ್ತದೆ. ಬೆನ್ನ ಹಿಂದೆ ಟ್ಯೂಬ್‌ಲೈಟ್ ಇದ್ದರೆ ಅದು ತಬ್ಬಿಬ್ಬಾಗುತ್ತದೆ, ಬೆಳಕು ಮುಖದ ಮೇಲೆ ಬೀಳಲಿ. ನೇರ ನೋಡುವಾಗ ಸ್ಥಿರವಾಗಿದ್ದು, ತಲೆ 40 ಡಿಗ್ರಿ ತಿರುಗಿದರೆ ಆಟದಲ್ಲಿ ಪೂರ್ತಿ ಹಿಂದಕ್ಕೆ ಕಾಣುವಂತೆ ರೇಖೆ ಎಳೆದುಕೊಳ್ಳಿ. ಮೌಸ್ ಹಿಡಿದು ನೋಡುವವನಿಗೂ ತಲೆ ತಿರುಗಿಸಿ ನೋಡುವವನಿಗೂ ಹತ್ತಿರದ ಆಕಾಶಕಾಳಗದಲ್ಲಿ (ಡಾಗ್‌ಫೈಟ್) ಹೋಲಿಕೆಯೇ ಇಲ್ಲ.

ವಿಆರ್ ಕನ್ನಡಕ ಹಾಕಿದರೆ ಕಾಕ್‌ಪಿಟ್‌ನ ಆಳ ನಿಜಕ್ಕೂ ಬರುತ್ತದೆ, ಇಳಿಯುವಾಗ ನೆಲದ ದೂರ ಕಣ್ಣಿಗೇ ತಿಳಿಯುತ್ತದೆ. ಆದರೆ 72 ಹರ್ಟ್ಸ್‌ಗೆ ಎರಡೂ ಕಣ್ಣಿನ ಚಿತ್ರ 13.9 ಮಿಲಿಸೆಕೆಂಡ್ ಒಳಗೆ ಸಿದ್ಧವಾಗಬೇಕು, 90ಕ್ಕೆ 11.1. ಮಧ್ಯಮ ದರ್ಜೆಯ ಕಾರ್ಡ್ ಇರುವವರು ಮೋಡಗಳನ್ನು ಕನಿಷ್ಠಕ್ಕೆ ಇಳಿಸಿ ನೋಡಿ, ಹೊಟ್ಟೆ ತೊಳಸಿದರೆ ತಕ್ಷಣ ತೆಗೆದಿಡಿ.

ಈಗ ನೈಜತೆಯ ಗುಂಡಿಗಳು

ಗೇಮ್ ಫ್ಲೈಟ್ ಮೋಡ್, ಗೇಮ್ ಏವಿಯಾನಿಕ್ಸ್, ಅಕ್ಷಯ ಮದ್ದುಗುಂಡು ಮೂರೂ ಆಫ್. ಜಿ (ತಿರುಗುವಾಗ ದೇಹದ ಮೇಲೆ ಬೀಳುವ ಭಾರ) ಪರಿಣಾಮ ಸಿಮ್ಯುಲೇಶನ್‌ಗೆ. ಹೆಲ್ಮೆಟ್ ಒಳಗೆ ಕೇಳುವಂತೆ ಶಬ್ದ ಬರಲಿ, ಅದರಿಂದ ರೆಕ್ಕೆಯ ನಡುಕ ಬೇರೆಯಾಗಿ ಕೇಳುತ್ತದೆ. ವೇಕ್ ಟರ್ಬ್ಯುಲೆನ್ಸ್ (ಮುಂದಿನ ವಿಮಾನ ಹಿಂದೆ ಬಿಡುವ ಗಾಳಿಯ ಕದಡು) ಪ್ರೊಸೆಸರ್ ತಿನ್ನುತ್ತದೆ, ಆಕಾಶದಲ್ಲಿ ಇಂಧನ ತುಂಬಿಸಿಕೊಳ್ಳುವುದನ್ನು ಕಲಿಯುವವರಿಗೆ ಬಿಟ್ಟು ಉಳಿದವರಿಗೆ ಅಷ್ಟು ಅಗತ್ಯವಿಲ್ಲ. ವಿಮಾನಗಳ ಮೇಲೆ ಹೆಸರು ಬರೆದು ತೋರಿಸುವ ಲೇಬಲ್ ಪೂರ್ತಿ ಬೇಡ, 1080 ಪರದೆಯವರು ಚುಕ್ಕೆ ಮಾತ್ರ ತೋರಿಸುವ ಆಯ್ಕೆ ಇಟ್ಟುಕೊಂಡರೆ ನನ್ನ ತಕರಾರಿಲ್ಲ, ಮೇಲಿನ ಲೆಕ್ಕವೇ ಅದಕ್ಕೆ ಸಮರ್ಥನೆ.

ಪ್ರತಿ ಸಲವೂ ತಣ್ಣಗಿನ ಎಂಜಿನ್‌ನಿಂದ ಶುರು ಮಾಡಿದರಷ್ಟೇ ನಿಜವಾದ ಪೈಲಟ್ ಎಂಬ ಶಿಸ್ತು ಕೆಲವರಿಗೆ. ಎಫ್-16ರ ಐಎನ್‌ಎಸ್ (ತಾನಿರುವ ಜಾಗ, ದಿಕ್ಕು ಲೆಕ್ಕ ಹಾಕುವ ಸಾಧನ) ಪೂರ್ತಿ ಹೊಂದಿಕೊಳ್ಳಲು ಎಂಟು ನಿಮಿಷ. ರಾತ್ರಿ ಒಂದು ಗಂಟೆ ಸಿಗುವವನು ಅದರಲ್ಲಿ ಇಷ್ಟು ಹೊತ್ತನ್ನು ಸ್ವಿಚ್ ಒತ್ತುವುದಕ್ಕೇ ಕಳೆದರೆ ಹಾರುವುದು ಯಾವಾಗ? ಭಾನುವಾರ ಮಾಡಿ. ಉಳಿದ ದಿನ ರನ್‌ವೇಯಿಂದ.

ಆ ಹೊತ್ತನ್ನು ವೇಗದ ಲೆಕ್ಕ ಕಲಿಯಲು ಕೊಡಿ. 450 ನಾಟ್ ನಿಜವೇಗದಲ್ಲಿ 9 ಜಿ ಎಳೆದು ಸಮಮಟ್ಟದಲ್ಲಿ ತಿರುಗಿದರೆ ವಿಮಾನ ಸುಮಾರು 610 ಮೀಟರ್ ತ್ರಿಜ್ಯದ ವೃತ್ತ ಬರೆಯುತ್ತದೆ, ಸೆಕೆಂಡಿಗೆ ಸುಮಾರು 22 ಡಿಗ್ರಿ. 600 ನಾಟ್‌ನಲ್ಲಿ ಅದೇ 9 ಜಿ ಎಳೆದರೆ ತ್ರಿಜ್ಯ 1,090 ಮೀಟರ್ ಸಮೀಪ, ತಿರುಗುವುದು 16 ಡಿಗ್ರಿ ಮಾತ್ರ. ಕತ್ತು ಅಷ್ಟೇ ನೋಯುತ್ತದೆ, ಫಲ ಕಡಿಮೆ. ಪೂರ್ತಿ ಥ್ರಾಟಲ್ ತಳ್ಳಿ ಪೂರ್ತಿ ಸ್ಟಿಕ್ ಎಳೆಯುವ ಹೊಸಬರು ಸೋಲುವುದು ಇಲ್ಲೇ, ಅದಾದ ಮೇಲೆ ವೇಗ ಪೂರ್ತಿ ಕರಗಿಸಿಕೊಂಡು ಇನ್ನೊಮ್ಮೆ ಸೋಲುತ್ತಾರೆ. ಟ್ಯಾಕ್‌ವ್ಯೂ ಎಂಬ ಸಾಫ್ಟ್‌ವೇರ್‌ನಲ್ಲಿ ಹಾರಾಟದ ದಾಖಲೆ ತೆರೆದರೆ ವೇಗ ಯಾವ ಗಳಿಗೆಯಲ್ಲಿ ಕರಗಿತು ಎಂಬುದು ಕಾಣುತ್ತದೆ. ಡಿಸಿಎಸ್, ಐಎಲ್-2, ಬಿಎಂಎಸ್ ಮೂರೂ ಆಟಗಳ ದಾಖಲೆಯನ್ನು ಅದು ಓದುತ್ತದೆ.

ಮಿಷನ್ ಎಡಿಟರ್‌ನಲ್ಲಿ ಯಾರೂ ಮುಟ್ಟದ ಗುಂಡಿಯೊಂದಿದೆ, ಉಷ್ಣಾಂಶ. ಬಿಸಿ ಗಾಳಿ ತೆಳು, ರೆಕ್ಕೆಗೂ ಎಂಜಿನ್‌ಗೂ ಎರಡಕ್ಕೂ ನಷ್ಟ. ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 2,900 ಅಡಿ ಎತ್ತರದಲ್ಲಿದೆ. 35 ಡಿಗ್ರಿ ಬಿಸಿಲಿನಲ್ಲಿ ಅಲ್ಲಿನ ಗಾಳಿ ವಿಮಾನಕ್ಕೆ ಸುಮಾರು 6,000 ಅಡಿಯ ಗಾಳಿಯಂತೆ. ಜರ್ಮನ್ ಎಂಜಿನಿಯರ್ ಕರ್ಟ್ ಟ್ಯಾಂಕ್ ಮುಂದಾಳತ್ವದಲ್ಲಿ ವಿನ್ಯಾಸಗೊಂಡ ಭಾರತದ ಯುದ್ಧವಿಮಾನ ಎಚ್‌ಎಫ್-24 ಮಾರುತ್ 1961ರಲ್ಲಿ ಮೊದಲು ಹಾರಿದ್ದು ಆ ಊರಿನಿಂದಲೇ, ಅದರ ಆರ್ಫಿಯಸ್ ಎಂಜಿನ್‌ಗಳ ಬಲ ಸಾಲದು ಎಂಬ ದೂರು ಕೊನೆಯವರೆಗೂ ಉಳಿಯಿತು. ಆಟದಲ್ಲಿ ಎತ್ತರದ ಒಂದು ರನ್‌ವೇ ಆರಿಸಿ, 38 ಡಿಗ್ರಿ ಕೊಟ್ಟು, ಬಾಂಬ್ ತುಂಬಿದ ಸುಖೋಯ್-25ಟಿ ಎತ್ತಿ ನೋಡಿ. ಗ್ರಾಫಿಕ್ಸ್ ಕಾರ್ಡ್‌ಗೆ ಒಂದಿಷ್ಟೂ ಹೊರೆಯಿಲ್ಲದೆ ಸಿಗುವ ನೈಜತೆ ಅದು.

ದುಡ್ಡು ಕೊಟ್ಟು ಒಂದು ವಿಮಾನ ಕೊಳ್ಳುವುದಾದರೆ ಮಿಗ್-21ಬಿಸ್ ಬಗ್ಗೆ ಯೋಚಿಸಿ. ನಮ್ಮ ವಾಯುಪಡೆ 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಟ್ಟ ವಂಶದ್ದು. ಸ್ಟಿಕ್ ಜೋರಾಗಿ ಎಳೆದರೆ ಅದರ ತ್ರಿಕೋನ ರೆಕ್ಕೆ ವೇಗವನ್ನು ನುಂಗಿಬಿಡುತ್ತದೆ. ಇಳಿಯುವಾಗ ಎಂಜಿನ್‌ನ ಗಾಳಿಯನ್ನೇ ಫ್ಲಾಪ್‌ಗಳ ಮೇಲೆ ಊದುವ ಏರ್ಪಾಡು ಇರುವುದರಿಂದ ಥ್ರಾಟಲ್ ಪೂರ್ತಿ ಹಿಂದೆಳೆದರೆ ಎತ್ತುವ ಬಲವೂ ಹೋಗುತ್ತದೆ, ವಿಮಾನ ಕಲ್ಲಿನಂತೆ ಕೂರುತ್ತದೆ. ಎಫ್-16ರ ಕಂಪ್ಯೂಟರ್ ಮುಚ್ಚಿಡುವ ಪಾಠಗಳನ್ನೆಲ್ಲ ಇದು ಮುಖಕ್ಕೆ ಹೊಡೆದು ಕಲಿಸುತ್ತದೆ. ಪರದೆಗಳಿಲ್ಲದ ಕಾಕ್‌ಪಿಟ್ ಆದ್ದರಿಂದ ಯಂತ್ರಕ್ಕೂ ಹಗುರ.

ಇಷ್ಟೆಲ್ಲ ಹೊಂದಿಸಿದ ಮೇಲೆ ಸೇವ್ಡ್ ಗೇಮ್ಸ್ ಒಳಗಿನ ಡಿಸಿಎಸ್ ಫೋಲ್ಡರ್ ತೆರೆಯಿರಿ. ಅದರಲ್ಲಿರುವ ಕಾನ್ಫಿಗ್ ಫೋಲ್ಡರನ್ನು ಒಂದು ಪೆನ್‌ಡ್ರೈವ್‌ಗೆ ನಕಲು ಮಾಡಿಡಿ. ನಿಮ್ಮ ಕರ್ವ್, ಗುಂಡಿಗಳ ಹಂಚಿಕೆ, ಗ್ರಾಫಿಕ್ಸ್ ಆಯ್ಕೆ ಎಲ್ಲವೂ ಅದರಲ್ಲೇ ಇವೆ. ದೊಡ್ಡ ಅಪ್‌ಡೇಟ್ ಬಂದ ಮೇಲೆ ಚಿತ್ರ ವಿಚಿತ್ರವಾದರೆ ಅದೇ ಡಿಸಿಎಸ್ ಫೋಲ್ಡರ್‌ನ ಎಫ್‌ಎಕ್ಸ್‌ಒ ಮತ್ತು ಮೆಟಾಶೇಡರ್ಸ್2 ಫೋಲ್ಡರ್‌ಗಳನ್ನು ಅಳಿಸಿ, ಆಟ ಅವನ್ನು ಮತ್ತೆ ಕಟ್ಟಿಕೊಳ್ಳುತ್ತದೆ. ಆ ಮೊದಲ ಹಾರಾಟವನ್ನು ಒಬ್ಬರೇ ಮುಗಿಸಿ, ಬಟೂಮಿಯ ಟ್ರ್ಯಾಕ್ ಒಮ್ಮೆ ಓಡಿಸಿ ಸಂಖ್ಯೆ ಸರಿಯಿದೆಯೇ ನೋಡಿ, ಆಮೇಲೆ ಗೆಳೆಯರನ್ನು ಕರೆಯಿರಿ.